ಅಲೆ ತಣಿಸುವ ಕಾಡು: ಯುವಜನರಿಗೊಂದು ಪಾಠ



2004ರ ಡಿಸೆಂಬರ್ 26, ಕ್ರಿಸ್ತಜಯಂತಿಯ ಮರುದಿನ, ಭಾನುವಾರ. ಅಂದು ಬೆಳಿಗ್ಗೆ ಸುನಾಮಿ ಅಲೆಗಳು ವೇಳಾಂಕಣ್ಣಿಯ ಯಾತ್ರಿಕರನ್ನೂ ಸುತ್ತಲಿನ ಬೆಸ್ತರನ್ನೂ ಕೊಚ್ಚಿಕೊಂಡು ಹೋದವು. ನಾಗಪಟ್ಟಿನಂ ಜಿಲ್ಲೆಯೊಂದರಲ್ಲೇ 6000ಕ್ಕೂ ಹೆಚ್ಚು ಜನ ಸತ್ತರು.

ಕಡಲಿನಿಂದ ದೂರವಿರುವ ಗಣಪತಿಯ ನಮಗೆ ಈ ಪಾಠವೇಕೆ? ವೆಳ್ಳಿಂಗಿರಿ ಬೆಟ್ಟದ ಕಡೆಯಿಂದ ಬರುವ ನಮ್ಮ ನೊಯ್ಯಲ್ ಹೊಳೆ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿ ಬಯಲಿನ ದಕ್ಷಿಣದ ತುದಿಯೇ ಮುತ್ತುಪೇಟೆಯ ಕಾಂಡ್ಲಾ ಕಾಡು. ತಮಿಳಿನಲ್ಲಿ ಇದಕ್ಕೆ ‘ಅಲೈಯಾತ್ತಿ ಕಾಡು’, ಎಂದರೆ ಅಲೆಯನ್ನು ತಣಿಸುವ ಕಾಡು ಎಂದು ಹೆಸರು.

ಕಾಡು ಮಾಡಿದ ಉಪಕಾರ

ಕಡಲೂರು ಜಿಲ್ಲೆಯ ಪಿಚ್ಚಾವರಂ ಬಳಿ, ಕಡಲಂಚಿನ ಬಯಲಿನಲ್ಲಿದ್ದ ಎಂ.ಜಿ.ಆರ್. ತಿಟ್ಟು ಸುನಾಮಿಗೆ ನಾಶವಾಯಿತು. ಕಾಂಡ್ಲಾ ಕಾಡಿನ ಹಿಂದಿದ್ದ ಹಳ್ಳಿಗಳಿಗೆ ಹಾನಿ ಕಡಿಮೆ. ಕಾಡೊಂದೇ ಇದಕ್ಕೆ ಕಾರಣವಲ್ಲ. ಕಡಲಿನಿಂದ ಇರುವ ದೂರ, ನೆಲದ ಎತ್ತರ ಇವೂ ಸೇರಿವೆ. ಆದರೂ ಒತ್ತಾದ ಬೇರುಗಳು ನೀರಿನ ರಭಸವನ್ನು ಮುರಿಯುತ್ತವೆ. ಮೀನು ಸೀಗಡಿಗಳ ಮರಿಗಳಿಗೆ ಆಸರೆಯಾಗುತ್ತವೆ.

ಕಾಡು ಏಕೆ ಹಾಳಾಗಿತ್ತು?

ಹಿಂದೆ ಪಿಚ್ಚಾವರಂನಲ್ಲಿ ಸೌದೆಗಾಗಿ ಸಾಲುಸಾಲಾಗಿ ಮರ ಕಡಿದರು. ಬಿಸಿಲಿಗೆ ಬಿದ್ದ ನೆಲ ಕುಸಿದು ತಟ್ಟೆಯಂತೆ ತಗ್ಗಾಯಿತು. ಒಳಬಂದ ಉಬ್ಬರದ ನೀರು ಹಿಂದಿರುಗದೆ ಅಲ್ಲೇ ಆರಿ, ಉಪ್ಪು ಹೆಚ್ಚಿ, ಸಸಿ ಏಳದಂತಾಯಿತು. ಮೂಲ ರೋಗ ನೀರಿನ ಹಾದಿ ಕಟ್ಟಿದ್ದು. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಅರಣ್ಯ ಇಲಾಖೆ ಮತ್ತು ಹಳ್ಳಿಗರೊಡನೆ ಸೇರಿ ಇದಕ್ಕೆ ಮದ್ದು ಮಾಡಿತು.

ಮಾಡುವ ಕ್ರಮ

1. ಮೊದಲು ಕಾಲುವೆ, ಆಮೇಲೆ ಸಸಿ. ನಡುವೆ ಒಂದು ದೊಡ್ಡ ಕಾಲುವೆ, ಎರಡೂ ಪಕ್ಕಕ್ಕೆ ಓರೆಯಾಗಿ ಸಣ್ಣ ಕಾಲುವೆಗಳು. ನೋಡಲು ಮೀನಿನ ಮುಳ್ಳಿನಂತೆ. ಉಬ್ಬರದಲ್ಲಿ ನೀರು ಬಂದು, ಇಳಿತದಲ್ಲಿ ಹೋಗಿ, ಉಪ್ಪನ್ನು ತೊಳೆಯುತ್ತದೆ.
2. ಆಯಾ ಜಾಗದ ಮರದ ಬೀಜವನ್ನೇ ಆರಿಸಿ, ಉಬ್ಬರದ ನೀರು ತಾಗುವ ಕಾಲುವೆಯ ಇಳಿಜಾರಿನಲ್ಲಿ ನೆಡಬೇಕು.
3. ಹೂಳು ತುಂಬಿದಾಗಲೆಲ್ಲ ಕಾಲುವೆ ತೆಗೆಯಬೇಕು. ಇದು ಫೋಟೋಕ್ಕೆ ನಿಲ್ಲುವ ಕೆಲಸವಲ್ಲ. ಆದರೆ ಕಾಡು ಉಳಿಯುವುದು ಇದರಿಂದಲೇ.

ಎಚ್ಚರಿಕೆಯ ಮಾತು

ಸುನಾಮಿಯ ನಂತರ ಶ್ರೀಲಂಕಾದಲ್ಲಿ ಬಹಳ ಉತ್ಸಾಹದಿಂದ ಕಾಂಡ್ಲಾ ನೆಟ್ಟರು. ಮುಂದೆ ಪರೀಕ್ಷಿಸಿದಾಗ ನೆಟ್ಟ ಜಾಗದ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ಉಳಿದಿತ್ತು. ಸಲ್ಲದ ಜಾಗದಲ್ಲಿ ನೆಟ್ಟದ್ದು, ನೆಟ್ಟ ಮೇಲೆ ನೋಡಿಕೊಳ್ಳದ್ದು ಮುಖ್ಯ ಕಾರಣಗಳು. ಮುತ್ತುಪೇಟೆಯ ಕಾಡಿಗೂ 2018ರ ನವೆಂಬರ್ 16ರಂದು ಗಜ ಚಂಡಮಾರುತ ದೊಡ್ಡ ಪೆಟ್ಟು ಕೊಟ್ಟಿತು. ಇದು ಒಂದು ದಿನದ ಶ್ರಮದಾನದಿಂದ ಮುಗಿಯುವ ಕೆಲಸವಲ್ಲ.

ಆದ್ದರಿಂದ ನಮ್ಮ ಹುಡುಗರು ಬಸ್ಸು ಹತ್ತುವ ಮೊದಲು ಅಲ್ಲಿಯ ಬೆಸ್ತರನ್ನೂ ಅರಣ್ಯ ಇಲಾಖೆಯನ್ನೂ ಕೇಳಬೇಕು. ಎಲ್ಲಿ, ಯಾವಾಗ, ಏನು ಬೇಕು ಎಂಬುದನ್ನು ಬಲ್ಲವರು ಅವರು. ಸಸಿ ಬೇಡ, ಹೂಳು ತೆಗೆಯಿರಿ ಎಂದರೆ ಸಲಿಕೆ ಹಿಡಿಯಬೇಕು.

ಆರೋಗ್ಯದ ಕಡೆ ಗಮನ

ಕೆಸರಿನಲ್ಲಿ ಚಿಪ್ಪು, ಗಾಜು, ಮುಳ್ಳು ಇರುತ್ತವೆ. ಕಾಲಿಗೆ ಬಿಗಿಯಾದ ಬೂಟು ಬೇಕು. ಧನುರ್ವಾಯು ಚುಚ್ಚುಮದ್ದು ಮೊದಲೇ ಆಗಿರಲಿ. ಗಾಯವಾದರೆ ಸೋಪು ಹಾಕಿ ಶುದ್ಧ ನೀರಿನಲ್ಲಿ ತೊಳೆಯಿರಿ. ನೆರೆಯ ನೀರಿನಲ್ಲಿ ಇಳಿದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರವಿರಬಹುದು. ತಡಮಾಡದೆ ವೈದ್ಯರ ಬಳಿ ಹೋಗಿ, ನೀರಿಗೆ ಇಳಿದದ್ದನ್ನೂ ತಿಳಿಸಿ. ಕುಡಿಯಲು ಕಾಯಿಸಿದ ನೀರೇ ಇರಲಿ.

ಯುವಕ ಸಂಘದಲ್ಲಿ ಚರ್ಚಿಸಲು

1. ನಮ್ಮ ಊರಿನ ಯಾವ ಕೆರೆಗೆ ನೀರು ಬರುವ ಹಾದಿ ಕಟ್ಟಿದೆ? ಕಟ್ಟಿದವರು ಯಾರು?
2. ನೊಯ್ಯಲಿಗೆ ನಾವು ಬಿಡುವ ಕೊಳಕು ಕೆಳಗಿನವರಿಗೆ ಏನು ಮಾಡುತ್ತದೆ?
3. ಕಳೆದ ವರ್ಷ ನಾವು ನೆಟ್ಟ ಗಿಡಗಳಲ್ಲಿ ಎಷ್ಟು ಬದುಕಿವೆ? ಈ ಭಾನುವಾರ ಹೋಗಿ ಎಣಿಸಿ ಬನ್ನಿ.