ಹುಲ್ಲಿನ ಬೀಜವನ್ನು ಬಿತ್ತುವ ಕ್ರಮ: ಅಂಗಳದ ಹಸಿರು ಮತ್ತು ಗಾಯರಾಣದ ಮೇಲ್ಬಿತ್ತನೆ

(ರಾಯಚೂರು, ದೇವದುರ್ಗ ಮತ್ತು ಮಾನ್ವಿ ಭಾಗದ ಹೊಲದೊಡೆಯರಿಗೂ ಊರ ಮುಖಂಡರಿಗೂ)

1. ಪೀಠಿಕೆ

ಶಾಲೆಯ ಅಂಗಳದಲ್ಲಿಯೂ ಪಂಚಾಯತಿಯ ಕಚೇರಿಯ ಮುಂದೆಯೂ ಹಸಿರು ಹುಲ್ಲು ಹಾಸಿದಂತಿರಬೇಕೆಂದು ಮುಖಂಡರು ಅಪೇಕ್ಷಿಸುವದು ಸಹಜವಾದದ್ದು. ಇದಕ್ಕಾಗಿ ಕೆಲವರು ರೈ ಹುಲ್ಲಿನ ಬೀಜವನ್ನು ಪೇಟೆಯಿಂದ ತರಿಸುವದುಂಟು. ಬೀಜಕ್ಕೆ ಹಣ ತೆರುವ ಮೊದಲು ಆ ಹುಲ್ಲಿನ ಸ್ವಭಾವವನ್ನೂ ನಮ್ಮ ನೆಲದ ಸ್ವಭಾವವನ್ನೂ ತಿಳಿಯತಕ್ಕದ್ದು. ರೈ ಹುಲ್ಲು ನಮ್ಮ ಸೀಮೆಗೆ ಹೊಂದುವದಿಲ್ಲ. ಆದರೆ ಅದನ್ನು ಬಿತ್ತುವ ಕ್ರಮವು ನಮ್ಮ ದನಗಳ ಮೇವಿಗೆ ಬಹಳ ಉಪಯುಕ್ತವಾದದ್ದು. ಇದನ್ನು ವಿವರಿಸುವದೇ ಈ ಪತ್ರಿಕೆಯ ಉದ್ದೇಶ.

2. ರೈ ಹುಲ್ಲಿನ ಸ್ವಭಾವ

ಬಹುವಾರ್ಷಿಕ ರೈ ಹುಲ್ಲು ಯುರೋಪಿನ ತಂಪು ಸೀಮೆಯದು. ಹದವಿದ್ದರೆ ಒಂದು ವಾರದಿಂದ ಹತ್ತು ದಿನಗಳೊಳಗೆ ಮೊಳೆಯುವದು. ಇದೇ ಅದರ ಆಕರ್ಷಣೆ. ಆದರೆ ಅದು ಗುಪ್ಪೆಗುಪ್ಪೆಯಾಗಿ ಬೆಳೆಯುವದೇ ಹೊರತು ಗರಿಕೆಯಂತೆ ನೆಲದ ಮೇಲೆ ಹಬ್ಬುವದಿಲ್ಲ. ಆದಕಾರಣ ಬರಿದಾದ ಜಾಗದಲ್ಲಿ ಮತ್ತೆ ಮತ್ತೆ ಬೀಜ ಚೆಲ್ಲಬೇಕಾಗುವದು. ಇದಕ್ಕೆ ಮೇಲ್ಬಿತ್ತನೆ ಎಂದು ಹೆಸರು.

ಚಳಿಗಾಲದಲ್ಲಿ ಗರಿಕೆಯು ಒಣಗಿ ಕಂದಾಗುವ ದೇಶಗಳಲ್ಲಿ ಅದರ ಮೇಲೆ ರೈ ಹುಲ್ಲನ್ನು ಬಿತ್ತಿ ಆ ಕೆಲವು ತಿಂಗಳು ಹಸಿರನ್ನು ಕಾಯ್ದುಕೊಳ್ಳುವರು. ರಾಯಚೂರಿನಲ್ಲಿ ಅಂಥ ಚಳಿಯೇ ಇಲ್ಲ. ನೀರಿದ್ದರೆ ಗರಿಕೆಯು ಪುಷ್ಯ ಮಾಸದಲ್ಲಿಯೂ ಹಸಿರಾಗಿರುವದು. ಬೇಸಿಗೆಯಲ್ಲಾದರೋ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ಮೀರುವದು. ಅದರಲ್ಲಿ ರೈ ಹುಲ್ಲು ಉಳಿಯಲಾರದು. ನೀಲಗಿರಿಯಂಥ ಎತ್ತರದ ತಂಪು ಸ್ಥಳಕ್ಕೆ ತಕ್ಕ ಹುಲ್ಲನ್ನು ಎರೆಭೂಮಿಯ ಬಿಸಿಲಿಗೆ ತಂದರೆ ಬೀಜವೂ ನೀರೂ ಎರಡೂ ವ್ಯರ್ಥ.

3. ಅಂಗಳಕ್ಕೆ ಗರಿಕೆ

ಅಂಗಳಕ್ಕೆ ನಮ್ಮ ಗರಿಕೆಯೇ, ಅಂದರೆ ಈ ಭಾಗದವರು ಕರಿಕೆ ಎನ್ನುವ ಹುಲ್ಲೇ ಸಾಕು. ಬೀಜವನ್ನು ಕೊಳ್ಳುವ ಅವಶ್ಯವಿಲ್ಲ. ನೆಲವನ್ನು ಒಂದು ಗೇಣು ಅಗೆದು, ಕಲ್ಲು ಮತ್ತು ಜೇಕಿನ ಗಡ್ಡೆಗಳನ್ನು ಆರಿಸಿ, ಕೊಳೆತ ಗೊಬ್ಬರ ಬೆರೆಸಿ ಸಮ ಮಾಡತಕ್ಕದ್ದು. ಮುಂಗಾರು ನಿಂತ ಮೇಲೆ ಎರಡು ಮೂರು ಗಿಣ್ಣುಗಳುಳ್ಳ ಬಳ್ಳಿಯ ತುಂಡುಗಳನ್ನು ನಾಲ್ಕಾರು ಬೆರಳಿನ ಅಂತರದಲ್ಲಿ ಊರಿ, ಮಣ್ಣನ್ನು ಅದುಮಿ ನೀರು ಚಿಮುಕಿಸಬೇಕು. ಬರಿದು ಬಿದ್ದ ಕಡೆ ಮತ್ತೆ ತುಂಡುಗಳನ್ನು ಊರುವದೇ ಇದರ ಮೇಲ್ಬಿತ್ತನೆ. ಹೊಲಕ್ಕೆ ಹತ್ತಿಕೊಂಡ ಜಾಗದಲ್ಲಿ ಮಾತ್ರ ಇದನ್ನು ಹಚ್ಚಲಾಗದು. ಹೊಲ ಹೊಕ್ಕ ಕರಿಕೆಯನ್ನು ತೆಗೆಯುವ ಕಷ್ಟವು ಒಕ್ಕಲಿಗರೆಲ್ಲರಿಗೂ ಗೊತ್ತಿದ್ದದ್ದೇ.

4. ಗಾಯರಾಣಕ್ಕೆ ಮೇಲ್ಬಿತ್ತನೆ

ಅಂಗಳದ ಹುಲ್ಲು ಕಣ್ಣಿಗೆ ಹಿತ. ಗಾಯರಾಣದ ಹುಲ್ಲು ಎತ್ತುಗಳ ಜೀವ. ಮಾಘ ಕಳೆದ ಮೇಲೆ ಸೊಪ್ಪೆಯ ಬಣವೆ ಕರಗಿತೆಂದರೆ ಮೇವನ್ನು ಕೊಳ್ಳಬೇಕು, ಇಲ್ಲವೆ ಎತ್ತುಗಳನ್ನು ಸಿಕ್ಕ ಬೆಲೆಗೆ ಮಾರಬೇಕು. ಸದಾ ಮೇಯಿಸಿದ ಗಾಯರಾಣದಲ್ಲಿ ಒಳ್ಳೆಯ ಹುಲ್ಲು ಬೀಜ ಕಟ್ಟುವ ಮೊದಲೇ ತೀರಿ, ದನ ಮುಟ್ಟದ ಕಸವೇ ಉಳಿಯುವದು. ಇಂಥ ನೆಲಕ್ಕೆ ಮೇಲ್ಬಿತ್ತನೆಯೇ ಮದ್ದು.

ಯಾವ ನೆಲಕ್ಕೆ ಯಾವ ಹುಲ್ಲು:

(ಅ) ನೀರು ನಿಲ್ಲದ ಮಸಾರಿ ನೆಲ ಮತ್ತು ಗುಡ್ಡದ ಅಡಿ: ಅಂಜನ ಹುಲ್ಲು, ಅದರೊಡನೆ ದ್ವಿದಳ ಜಾತಿಯ ಸ್ಟೈಲೋ. ಸ್ಟೈಲೋ ಗಿಡದ ಬೇರಿನ ಗಂಟುಗಳು ಭೂಮಿಗೆ ಸಾರಜನಕವನ್ನು ಕೂಡಿಸುವವು.

(ಆ) ಎರೆಭೂಮಿ ಮತ್ತು ಅದರ ಒಡ್ಡುಗಳು: ಮಾರ್ವೆಲ್ ಹುಲ್ಲು.

(ಇ) ಮಾನ್ವಿಯ ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ದೇವದುರ್ಗದ ನಾರಾಯಣಪುರ ಬಲದಂಡೆ ಕಾಲುವೆಗಳ ಕೆಳಗಿನ ಜವುಳು ಜಾಗ: ಪಾರಾ ಹುಲ್ಲಿನ ಕಡ್ಡಿಗಳು. ಇಲ್ಲಿ ಅಂಜನ ಹುಲ್ಲು ಬಾರದು.

ಬಿತ್ತುವ ಕ್ರಮ: ಆರಿದ್ರಾ ಮಳೆಯಿಂದ ಪುನರ್ವಸು ಮಳೆಯವರೆಗೆ ಸಮಯ ಒಳ್ಳೆಯದು. ಮೊದಲು ಕಸವನ್ನು ಕೊಯ್ದು ತೆಗೆಯಬೇಕು. ಅನಂತರ ಇಳಿಜಾರಿಗೆ ಅಡ್ಡಲಾಗಿ ಕುಂಟೆಯಿಂದ ನೆಲವನ್ನು ತೆಳ್ಳಗೆ ಕೆದರತಕ್ಕದ್ದು. ಇದ್ದ ಹುಲ್ಲನ್ನು ಬೇರುಸಹಿತ ಕೀಳಬಾರದು. ಎಕರೆಗೆ ಅಂಜನ ಹುಲ್ಲಿನ ಬೀಜ ಸುಮಾರು 2 ಕಿಲೋ ಸಾಕು. ಈ ಬೀಜವು ಹಗುರಾಗಿ ಗಾಳಿಗೆ ಹಾರುವದರಿಂದ ಹಸಿ ಮಣ್ಣಿನೊಡನೆ ಕಲಸಿ ಚೆಲ್ಲಬೇಕು. 1 ಸೆಂಟಿಮೀಟರಿಗಿಂತ ಆಳಕ್ಕೆ ಹೋದ ಬೀಜ ಮೇಲಕ್ಕೆ ಬರುವದು ಕಷ್ಟ. ಮುಳ್ಳುಕಂಟಿಯನ್ನು ಎಳೆದು ಮುಚ್ಚಿದರೆ ಸಾಕು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಅದನ್ನು 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷವಿಟ್ಟು, ತಣ್ಣೀರಿನಲ್ಲಿ ರಾತ್ರಿ ನೆನೆಯಿಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು.

ಅಂಜನ ಹುಲ್ಲಿನ ಹೊಸ ಬೀಜವು ಕೂಡಲೇ ಸರಿಯಾಗಿ ಮೊಳೆಯುವದಿಲ್ಲ. ಈ ವರ್ಷದ ತೆನೆಯಿಂದ ಸವರಿದ ಬೀಜವನ್ನು ಬಟ್ಟೆಯ ಚೀಲದಲ್ಲಿ ಒಣಗಿದ ಸ್ಥಳದಲ್ಲಿಟ್ಟು ಮುಂದಿನ ಮುಂಗಾರಿಗೆ ಬಿತ್ತತಕ್ಕದ್ದು.

5. ಮುಖಂಡರ ಹೊಣೆ

ಬೀಜ ಬಿತ್ತುವದು ಒಂದು ದಿನದ ಕೆಲಸ. ದನವನ್ನು ತಡೆಯುವದು ಒಂದು ವರ್ಷದ ಕೆಲಸ. ಎಳೆಯ ಹುಲ್ಲನ್ನು ಮೇಯಿಸಿದರೆ ದನವು ಬೇರುಸಹಿತ ಕಿತ್ತು ತಿನ್ನುವದು. ಇಡೀ ಗಾಯರಾಣವನ್ನು ಒಮ್ಮೆಗೇ ಮುಚ್ಚಿದರೆ ಬಡವರ ದನಕ್ಕೂ ಕುರಿಗಾರರಿಗೂ ತೊಂದರೆಯಾಗಿ ಜಗಳ ಹುಟ್ಟುವದು. ಆದಕಾರಣ ನಾಲ್ಕು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲನ್ನು ಮಾತ್ರ ಮುಚ್ಚಿ ಬಿತ್ತತಕ್ಕದ್ದು. ಕುರಿಗಾರರನ್ನೂ ಕೂಡಿಸಿಕೊಂಡು, ಮಳೆಗಾಲಕ್ಕೆ ಮೊದಲೇ ಪಂಚಾಯತಿಯಲ್ಲಿ ಈ ನಿರ್ಣಯವಾಗಬೇಕು. ಮೊದಲನೆಯ ವರ್ಷ ಬೀಜ ಉದುರಿದ ಮೇಲೆ ಅರ್ಧ ಗೇಣು ಬಿಟ್ಟು ಕೊಯ್ದು, ಹುಲ್ಲನ್ನು ಎಲ್ಲರಿಗೂ ಹಂಚತಕ್ಕದ್ದು. ಮುಚ್ಚಿದ ನೆಲದಿಂದ ತನಗೂ ಒಂದು ಹೊರೆ ಬಂತೆಂದು ಕಂಡವನು ಮರುವರ್ಷ ತಾನೇ ಕಾವಲಿಗೆ ನಿಲ್ಲುವನು.

6. ಎಲ್ಲಿ ವಿಚಾರಿಸಬೇಕು

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೂ, 1962ರಲ್ಲಿ ಝಾನ್ಸಿಯಲ್ಲಿ ಸ್ಥಾಪಿತವಾದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಧಾರವಾಡದ ಶಾಖೆಯಲ್ಲಿಯೂ ಬೀಜದ ವಿಷಯವನ್ನು ವಿಚಾರಿಸಬಹುದು. ಮೊದಲ ವರ್ಷ ಒಂದೆರಡು ಎಕರೆಯಲ್ಲಿ ಮಾತ್ರ ಪರೀಕ್ಷಿಸಿ, ಫಲವನ್ನು ಕಣ್ಣಾರೆ ಕಂಡು ಮುಂದುವರಿಯುವದು ಲೇಸು.