ಸೊಸೈಟಿ ನಿಮ್ಮದು, ರಸೀದಿ ಕೇಳಿ ಪಡೆಯಿರಿ

ಕೂಲಿ ಮಾಡುವ ಹೆಣ್ಣುಮಗಳೊಬ್ಬರು ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಅವರಿಗೆ ಇರುವುದು ಒಂದೂವರೆ ಎಕರೆ ಹೊಲ. ಊರಿನ ಸೊಸೈಟಿಗೆ ಷೇರು ಹಣ ಕಟ್ಟಿದ್ದರು. ಚೀಟಿಯಲ್ಲಿ ಮೊತ್ತವೊಂದು ಬಿಟ್ಟರೆ ಸಂಘದ ಹೆಸರಿಲ್ಲ, ಮೊಹರಿಲ್ಲ, ರಸೀದಿ ನಂಬರಿಲ್ಲ. ಆಡಳಿತ ಮಂಡಳಿ ಚುನಾವಣೆ ಬಂದಾಗ ಮತದಾರರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. "ಹಂಗಾರೆ ನಾನು ದುಡ್ಡು ಕೊಟ್ಟಿದ್ದು ಸುಳ್ಳಾ ಅಣ್ಣಾ?" ಎಂದು ಕೇಳಿದರು.

ಸುಳ್ಳಲ್ಲ. ಆದರೆ ಕಾನೂನು ಕೇಳುವುದು ಕಾಗದವನ್ನು. ಷೇರು ಹಣವಿರಲಿ, ಸಾಲದ ಕಂತಿರಲಿ, ಗೊಬ್ಬರದ ಬಾಕಿಯಿರಲಿ, ಮೊಹರು ಮತ್ತು ಸಹಿ ಇರುವ ರಸೀದಿಯಿಲ್ಲದೆ ಕೌಂಟರ್ ಬಿಟ್ಟು ಏಳಬೇಡಿ. ಸದಸ್ಯತ್ವ ಮಂಜೂರಾದ ಮೇಲೆ ಷೇರು ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ.

ಸಂಘ ಯಾರದೆಂಬುದರಲ್ಲಿ ಅನುಮಾನ ಬೇಡ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮತ್ತು ಅವರ ಜೊತೆಗಿದ್ದ ರೈತರು. ಇಂದು ಸಹಕಾರ ಸಂಘ ಕಟ್ಟಿಕೊಳ್ಳುವುದು ಸಂವಿಧಾನದ 19(1)(ಸಿ) ವಿಧಿಯಡಿ ಮೂಲಭೂತ ಹಕ್ಕು. ನಮ್ಮ ರಾಜ್ಯದ ಸಂಘಗಳು ನಡೆಯುವುದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ. ಹತ್ತು ಷೇರು ಇದ್ದವರಿಗೂ ಒಂದೇ ಮತ, ಒಂದು ಷೇರು ಇದ್ದವರಿಗೂ ಒಂದೇ ಮತ.

ಅರ್ಹತೆ ಇದ್ದವರಿಗೆ ಸರಿಯಾದ ಕಾರಣವಿಲ್ಲದೆ ಸದಸ್ಯತ್ವ ನಿರಾಕರಿಸುವಂತಿಲ್ಲ. "ಈಗ ಆಗಲ್ಲ, ಮುಂದೆ ನೋಡೋಣ" ಎಂಬ ಬಾಯಿಮಾತನ್ನು ಒಪ್ಪಬೇಡಿ. ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ. ಅದರ ಮೇಲೆ ಸಹಕಾರ ಇಲಾಖೆಯ ನಿಬಂಧಕರಿಗೆ ಮೇಲ್ಮನವಿ ಸಲ್ಲಿಸಬಹುದು. ಜಮೀನಿಲ್ಲದವರು ಹಾಲು ಉತ್ಪಾದಕರ ಸಂಘವನ್ನು ಮರೆಯಬಾರದು. ಒಂದು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಕೂಲಿಕಾರರೂ ಅಲ್ಲಿ ಸದಸ್ಯರಾಗಬಹುದು.

ಸಾಲದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ವಾಯಿದೆ. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 2023-24ರ ರಾಜ್ಯ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಆ ಬಡ್ಡಿ ರಿಯಾಯಿತಿ ಸಿಗುವುದು ವಾಯಿದೆಯೊಳಗೆ ಕಟ್ಟಿದವರಿಗೆ. ದಿನ ದಾಟಿದರೆ ಬಡ್ಡಿ ಬೀಳುತ್ತದೆ, ಸುಸ್ತಿದಾರರ ಪಟ್ಟಿಗೆ ಹೆಸರು ಸೇರಿದರೆ ಮತದ ಹಕ್ಕಿಗೂ ಕುತ್ತು. ಸಾಲ ಪಡೆದ ದಿನವೇ ವಾಯಿದೆ ದಿನಾಂಕವನ್ನು ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ.

ಲೆಕ್ಕ ನೋಡಲು ಹಿಂಜರಿಯಬೇಡಿ. ಕಾಯ್ದೆ, ಉಪವಿಧಿಗಳು, ಸದಸ್ಯರ ಪಟ್ಟಿ ಸಂಘದ ಕಚೇರಿಯಲ್ಲಿ ಸದಸ್ಯರ ಪರಿಶೀಲನೆಗೆ ತೆರೆದಿರಬೇಕು. ಸರ್ಕಾರದಿಂದ ಗಣನೀಯ ಹಣಕಾಸಿನ ನೆರವಿಲ್ಲದ ಸಹಕಾರ ಸಂಘ ಮಾಹಿತಿ ಹಕ್ಕಿನ ನೇರ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ತಲಪ್ಪಾಲಂ ಬ್ಯಾಂಕ್ ಪ್ರಕರಣದಲ್ಲಿ ಹೇಳಿದೆ. ದಾರಿ ಮುಚ್ಚಿತೆಂದು ತಿಳಿಯಬೇಡಿ. ಸಂಘದಿಂದ ಕಾನೂನಿನಂತೆ ಪಡೆಯಬಹುದಾದ ಮಾಹಿತಿಯನ್ನು ನಿಬಂಧಕರ ಕಚೇರಿಯ ಮೂಲಕ ಕೇಳಬಹುದು ಎಂದೂ ಅದೇ ತೀರ್ಪು ಹೇಳುತ್ತದೆ.

ಸಂಘದೊಂದಿಗೆ ತಕರಾರು ಬಂದರೆ ಮೊದಲು ಸಿವಿಲ್ ಕೋರ್ಟಿಗೆ ಓಡುವುದು ಬೇಡ. ಕಾಯ್ದೆಯ 70ನೇ ಕಲಂ ಪ್ರಕಾರ ಸಂಘದ ಆಡಳಿತ, ವ್ಯವಹಾರ, ಚುನಾವಣೆಯ ವಿವಾದಗಳು ನಿಬಂಧಕರ ಮುಂದೆ ಹೋಗಬೇಕು. ಹಣ ದುರುಪಯೋಗದ ಅನುಮಾನವಿದ್ದರೆ 64ನೇ ಕಲಂನಡಿ ವಿಚಾರಣೆಗೆ ಕೋರಬಹುದು. ಇದನ್ನು ಒಬ್ಬರೇ ಮಾಡುವುದಕ್ಕಿಂತ ಸದಸ್ಯರು ಸೇರಿ ಸಹಿ ಹಾಕಿದ ಅರ್ಜಿಗೆ ಬಲ ಹೆಚ್ಚು. ಅರ್ಜಿ ಬರೆಯಲು ಬಾರದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.

ಆ ಹೆಣ್ಣುಮಗಳು ಸಹಾಯಕ ನಿಬಂಧಕರಿಗೆ ಅರ್ಜಿ ಕೊಟ್ಟರು. ಸಂಘದ ಹಳೆಯ ನಗದು ಪುಸ್ತಕದಲ್ಲಿ ಅದೇ ದಿನಾಂಕಕ್ಕೆ ಅದೇ ಮೊತ್ತ ಜಮೆಯಾಗಿತ್ತು. ಈಗ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿದೆ.

ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ನಿಮ್ಮ ಸಂಘದ ವಾರ್ಷಿಕ ಮಹಾಸಭೆ ನಡೆಯಬೇಕು. ನೋಟಿಸ್ ಬಂತೇ ಎಂದು ವಿಚಾರಿಸಿ. ಕೂಲಿ ಒಂದು ದಿನ ತಪ್ಪಿದರೂ ಹೋಗಿ, ಆಡಿಟ್ ವರದಿ ಓದಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಯೇ ಬನ್ನಿ.