ಅರ್ಧಕ್ಕೆ ನಿಂತ ಸಿನಿಮಾ

ಮನೆ ಕಟ್ಟೋಕೆ ಶುರು ಮಾಡಿದೀವಿ ಅನ್ನಿ. ಗೋಡೆ ಎದ್ದಿದೆ. ಸೂರು ಹಾಕುವ ಹೊತ್ತಿಗೆ ದುಡ್ಡು ಮುಗಿಯಿತು. ಈಗ ಏನು ಮಾಡೋದು? ಸಾಲ ತಂದು ಮುಗಿಸೋದಾ? ಇಲ್ಲಾ ಕೈಬಿಡೋದಾ? ಬಿಟ್ಟರೆ ಹಾಕಿದ ದುಡ್ಡು ಮಳೆಗೆ ಕರಗುತ್ತದೆ. ಹಿಡಿದರೆ ಇನ್ನೂ ದುಡ್ಡು ಬೇಕು.

ಸಿನಿಮಾ ಮಾಡುವವರಿಗೂ ಇದೇ ಕಷ್ಟ ಬರುತ್ತದೆ. ಅಂಥ ಒಂದು ಸಿನಿಮಾದ ಕತೆಯನ್ನು ಇವತ್ತು ಓದೋಣ.

ಬಂಗಾಳದ ಕಲ್ಕತ್ತಾದಲ್ಲಿ ಸತ್ಯಜಿತ್ ರಾಯ್ ಎಂಬುವರು ಇದ್ದರು. ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುವ ಕೆಲಸ. ತಿಂಗಳ ಸಂಬಳ. ಅವರಿಗೆ 'ಪಥೇರ್ ಪಾಂಚಾಲಿ' ಎಂಬ ಕಾದಂಬರಿಯನ್ನು ಸಿನಿಮಾ ಮಾಡುವ ಆಸೆ. ಅದು ಹಳ್ಳಿಯ ಬಡ ಸಂಸಾರದ ಕತೆ. ತಾಯಿ, ತಂದೆ, ಮಗಳು ದುರ್ಗಾ, ಮಗ ಅಪು, ಮನೆಯಲ್ಲೊಬ್ಬ ಹಣ್ಣು ಹಣ್ಣು ಮುದುಕಿ. ಕಾದಂಬರಿ ಬರೆದವರು ತೀರಿಹೋಗಿದ್ದರು. ಅವರ ಹೆಂಡತಿ ಸಿನಿಮಾ ಮಾಡಲು ಒಪ್ಪಿಗೆ ಕೊಟ್ಟರು.

ಆದರೆ ದುಡ್ಡು ಕೊಡುವವರು ಯಾರು? ಹಾಡಿಲ್ಲ, ಕುಣಿತವಿಲ್ಲ, ಹೆಸರಾದ ನಟರಿಲ್ಲ. ಇಂಥ ಸಿನಿಮಾ ಯಾರು ನೋಡುತ್ತಾರೆ ಅಂದರು. ಖರ್ಚಿನ ಅಂದಾಜು ಸುಮಾರು 70,000 ರೂಪಾಯಿ. ರಾಯ್ ತಮ್ಮ ವಿಮೆಯ ಪಾಲಿಸಿ ಮೇಲೆ ಸಾಲ ತೆಗೆದರು. 1952ರ ಅಕ್ಟೋಬರ್‌ನಲ್ಲಿ ಕೆಲಸ ಶುರುವಾಯಿತು. ರಜೆ ದಿನಗಳಲ್ಲಿ ಮಾತ್ರ ಚಿತ್ರೀಕರಣ. ನೌಕರಿ ಬಿಡಲಿಲ್ಲ. ಇದು ಜಾಣತನ ಅಂತ ನಮಗೆ ಅನ್ನಿಸುತ್ತದೆ.

ಮೊದಲ ದಿನವೇ ನೋಡಿ. ಬಯಲು ತುಂಬ ಬಿಳಿ ಹೂ ಬಿಟ್ಟ ಹುಲ್ಲು. ಅಲ್ಲಿ ಅರ್ಧ ಕೆಲಸ ಆಯಿತು. ಮುಂದಿನ ವಾರ ಹೋದರೆ ಹೂವೇ ಇಲ್ಲ! ದನ ಮೇದುಬಿಟ್ಟಿದ್ದವು. ಮತ್ತೆ ಹೂ ಬಿಡುವವರೆಗೆ ಒಂದು ವರ್ಷ ಕಾಯಬೇಕಾಯಿತು.

ದುಡ್ಡು ಹಾಕಿದ ಒಬ್ಬರು ಅರ್ಧಕ್ಕೆ ಕೈಚೆಲ್ಲಿದರು. ರಾಯ್ ತಮ್ಮ ಪುಸ್ತಕ, ಹಾಡಿನ ರೆಕಾರ್ಡು ಮಾರಿದರು. ಅದೂ ಸಾಲಲಿಲ್ಲ. ಕೊನೆಗೆ ಹೆಂಡತಿ ಬಿಜೋಯಾ ಅವರ ಒಡವೆ ಒತ್ತೆ ಹೋಯಿತು.

ಇಲ್ಲಿಗೆ ಬಂದಾಗ ನಮ್ಮ ಸಂಜೆ ತರಗತಿಯಲ್ಲಿ ಗದ್ದಲವೋ ಗದ್ದಲ. "ಗಂಡನ ಸಿನಿಮಾಕ್ಕೆ ನಾನ್ಯಾಕೆ ಚಿನ್ನ ಕೊಡಲಿ?" ಅಂದರು ಒಬ್ಬರು. "ನಾನೂ ಕೊಟ್ಟಿದ್ದೆ, ಬೋರ್‌ವೆಲ್ ತೋಡಿಸೋಕೆ. ನೀರು ಬರಲಿಲ್ಲ" ಅಂದರು ಇನ್ನೊಬ್ಬರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಿಜೋಯಾ ಮನಸ್ಸಾರೆ ಕೊಟ್ಟರು ನಿಜ. ಆದರೂ ನಮಗೆ ಆ ಮಾತು ಮನಸ್ಸಿನಲ್ಲೇ ಉಳಿದಿದೆ.

ಒಡವೆಯ ದುಡ್ಡೂ ಕರಗಿತು. ತಿಂಗಳುಗಟ್ಟಲೆ ಕೆಲಸ ನಿಂತಿತು. ದುಡ್ಡಿನ ಚಿಂತೆಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಅಪು ಆಗಿದ್ದ ಹುಡುಗನ ದನಿ ಒಡೆದರೆ? ದುರ್ಗಾ ಆಗಿದ್ದ ಹುಡುಗಿ ದೊಡ್ಡವಳಾಗಿ ಕಂಡರೆ? ಮುದುಕಿಯ ಪಾತ್ರ ಮಾಡಿದ ಚುನಿಬಾಲಾ ದೇವಿಗೆ ಸುಮಾರು 80 ವರ್ಷ. ದಿನಕ್ಕೆ 20 ರೂಪಾಯಿ ಕೂಲಿ. ಬೆನ್ನು ಬಾಗಿತ್ತು, ಹಲ್ಲು ಇರಲಿಲ್ಲ. ಆದರೂ ಕರೆದಾಗೆಲ್ಲ ಬಂದರು. ಅವರು ಬಾರದೆ ಹೋಗಿದ್ದರೆ ಅಲ್ಲಿಗೆ ಸಿನಿಮಾ ಮುಗಿದಂತೆಯೇ. ಮೂವರೂ ಉಳಿದುಕೊಂಡರು. ಇದನ್ನು ರಾಯ್ ಪವಾಡ ಎಂದೇ ಹೇಳುತ್ತಿದ್ದರು.

ದಾರಿ ತೆರೆದದ್ದು ರಾಯ್ ಅವರ ತಾಯಿಯಿಂದ. ಅವರ ಪರಿಚಯದವರ ಮೂಲಕ ಸುದ್ದಿ ಮುಖ್ಯಮಂತ್ರಿ ಬಿ.ಸಿ. ರಾಯ್ ಅವರಿಗೆ ಮುಟ್ಟಿತು. ಸರ್ಕಾರ ದುಡ್ಡು ಕೊಟ್ಟಿತು. ಸಿನಿಮಾದ ಹೆಸರಿನಲ್ಲಿ ದಾರಿ ಇದೆಯಲ್ಲ, ಅದಕ್ಕೆ ರಸ್ತೆ ಸುಧಾರಣೆ ಲೆಕ್ಕಕ್ಕೆ ಬರೆದರು! ಕತೆಯ ಕೊನೆ ಬದಲಿಸಿ ಎಂಬ ಮಾತೂ ಬಂತು. ರಾಯ್ ಒಪ್ಪಲಿಲ್ಲ.

1955ರ ಆಗಸ್ಟ್ 26ರಂದು ಸಿನಿಮಾ ಕಲ್ಕತ್ತಾದಲ್ಲಿ ತೆರೆ ಕಂಡಿತು. ಮೊದಮೊದಲು ಜನ ಕಡಿಮೆ. ಆಮೇಲೆ ಟಿಕೆಟ್ಟೇ ಸಿಗಲಿಲ್ಲ. 1956ರಲ್ಲಿ ಫ್ರಾನ್ಸ್ ದೇಶದ ಕಾನ್ ಊರಿನ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಚುನಿಬಾಲಾ ಅದನ್ನು ನೋಡಲಿಲ್ಲ. ಸಿನಿಮಾ ಬಿಡುಗಡೆಗೆ ಮೊದಲೇ ತೀರಿಕೊಂಡರು.

ಈ ಸಿನಿಮಾ ಗೆದ್ದಿತು, ಅದಕ್ಕೇ ನಮಗೆ ಅದರ ಹೆಸರು ಗೊತ್ತು. ಅರ್ಧಕ್ಕೆ ನಿಂತು ಪೆಟ್ಟಿಗೆಯಲ್ಲೇ ಉಳಿದ ಸಿನಿಮಾಗಳ ಕತೆ ಯಾರೂ ಹೇಳುವುದಿಲ್ಲ. ಅವುಗಳಿಗೂ ಯಾರೋ ಒಡವೆ ಕೊಟ್ಟಿರುತ್ತಾರೆ.

ಈಗ ಒಂದು ಲೆಕ್ಕ. ಒಡವೆ ಇಟ್ಟು 10,000 ರೂಪಾಯಿ ತಂದಿರಿ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ತಿಂಗಳ ಬಡ್ಡಿ 200 ರೂಪಾಯಿ. ವರ್ಷಕ್ಕೆ 2,400. ಈ ಸಿನಿಮಾಕ್ಕೆ ಹಿಡಿದ ಹಾಗೆ 3 ವರ್ಷ ಹಿಡಿದರೆ ಬಡ್ಡಿ ಎಷ್ಟಾಯಿತು? ಸ್ಲೇಟಿನ ಮೇಲೆ ಬರೆಯಿರಿ. ಒತ್ತೆ ಚೀಟಿ ಮನೆಯಲ್ಲಿದ್ದರೆ ನಾಳೆ ತನ್ನಿ. ಒಡವೆಯ ತೂಕ, ಸಾಲ, ಬಡ್ಡಿ, ಬಿಡಿಸಿಕೊಳ್ಳುವ ತಾರೀಖು ಅದರಲ್ಲಿ ಎಲ್ಲೆಲ್ಲಿ ಬರೆದಿದೆ ಅಂತ ಹುಡುಕಿ ಓದೋಣ.